ಪಂದಿ ಕರಿ ಒಂದೇ ಕಾರಣ ಅಲ್ಲ

ಕೊಡಗಿನ ಗೋಣಿಕೊಪ್ಪದ ಹಳೇ ಬಾರ್ ಬಗ್ಗೆ ನೀವು ಲೇಖನ ಬರೆದದ್ದು ಖುಷಿಯಾಯಿತು. ಆದರೆ ಜನ ಅಲ್ಲಿಗೆ ಹೋಗುವುದೇ ಪಂದಿ ಕರಿಗೆ (ನಮ್ಮ ಕಡೆಯ ಹಂದಿ ಮಾಂಸದ ಸಾರು) ಅಂದಿದ್ದೀರಲ್ಲ, ಅದನ್ನು ಒಪ್ಪಲಾರೆ. ಪಂದಿ ಕರಿ ನಮ್ಮ ಮನೆಯಲ್ಲೂ ಆಗುತ್ತದೆ. ಅದಕ್ಕೆ ಹಾಕುವ ಕಪ್ಪು ಹುಳಿ, ಕಾಚಂಪುಳಿಯ ಬಾಟಲಿ ಎಲ್ಲರ ಅಡುಗೆಮನೆಯಲ್ಲೂ ಇದೆ. ಅಲ್ಲಿನದು ರುಚಿ ಇಲ್ಲ ಅಂತಲ್ಲ, ಬೆರಳಿಗೆ ಅಂಟುವ ಆ ಕಪ್ಪು ಮಸಾಲೆ ನಮ್ಮ ಅಮ್ಮನಿಗೂ ಬರಲಿಲ್ಲ (ಅಮ್ಮ ಇದನ್ನು ಓದದಿದ್ದರೆ ಸಾಕು).

ಅಪ್ಪ ಹೋಗುತ್ತಿದ್ದದ್ದು ಜಾಸ್ತಿ ಮಳೆಗಾಲದಲ್ಲಿ. ಜುಲೈನಲ್ಲಿ ಕರೆಂಟ್ ಹೋದರೆ ಎರಡು ದಿನ ಬರುವುದಿಲ್ಲ, ತೋಟದಲ್ಲೂ ಕೆಲಸ ಕಮ್ಮಿ. ಬಾಗಿಲ ಪಕ್ಕ ಮೊಳೆಗಳಲ್ಲಿ ಸಾಲಾಗಿ ಒದ್ದೆ ಕೊಡೆಗಳು. ಕೊಡೆ ನೋಡಿಯೇ ಒಳಗೆ ಯಾರ್ಯಾರಿದ್ದಾರೆ ಅಂತ ಅಪ್ಪ ಹೇಳುತ್ತಿದ್ದರು. ಕೆಲವು ಸಲ ಒಬ್ಬರ ಕೊಡೆ ಕಂಡು ಸುಮ್ನೆ ವಾಪಸ್ ಬಂದದ್ದೂ ಉಂಟು! ಕಾಫಿ ರೇಟ್ ಎಷ್ಟಾಯಿತು, ಆನೆ ಯಾರ ತೋಟಕ್ಕೆ ನುಗ್ಗಿತು, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ದುಡ್ಡು? ಪುಸ್ತಕದಲ್ಲಿ ಬರೆಸಿ, ಕಾಫಿ ಮಾರಿದ ಮೇಲೆ ಕೊಡುವುದು.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿ ಕಡೆ ರಸ್ತೆಗಳು ಕಡಿದುಹೋದಾಗ ನಮ್ಮ ಚಿಕ್ಕಪ್ಪನ ಫೋನ್ ಸಿಗುತ್ತಿರಲಿಲ್ಲ. ಅವರು ಕ್ಷೇಮವಾಗಿದ್ದಾರೆ ಅನ್ನುವ ಸುದ್ದಿ ನಮಗೆ ಮುಟ್ಟಿದ್ದು ಆ ಬಾರಿನ ಕ್ಯಾಶ್ ಕೌಂಟರ್‌ನಿಂದ. ಲೇಖನದಲ್ಲಿ ಇದಕ್ಕೆ ಒಂದು ಸಾಲಾದರೂ ಬೇಕಿತ್ತು, ಅಲ್ವಾ?

ಫೋಟೋದಲ್ಲಿ ಹೊಸ ಗ್ರಾನೈಟ್ ಮೇಜು ಕಾಣುತ್ತಿದೆ. ಕಿಟಕಿ ಪಕ್ಕದ ಆ ಮರದ ಬೆಂಚು ಎಲ್ಲಿ ಹೋಯಿತು? ಗೊತ್ತಿದ್ದವರು ಹೇಳಿ.