ಮೂತಿ ರಿಪೇರಿ

ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಮಂಗಳೂರಿಗೆ ಸುಮಾರು 350 ಕಿಲೋಮೀಟರ್, ಮಧ್ಯೆ ಶಿರಾಡಿ ಘಾಟಿ ಬೇರೆ. ಇಷ್ಟು ಭೂಗೋಳ ಅಡ್ಡ ಇದ್ದರೂ ವಿಜಯನಗರದ ನಮ್ಮ ಮನೆಯಲ್ಲಿ ಚಪ್ಪಲಿ ಸ್ಟ್ಯಾಂಡ್ ಪಕ್ಕ ಒಂದು ಸ್ಕಿಮ್‌ಬೋರ್ಡ್ ನಿಂತಿರುತ್ತದೆ. ಸುರತ್ಕಲ್ ಕಡೆ ಓದೋಕೆ ಹೋದ ಮಗ ಓದಿನ ಜೊತೆ ಇದನ್ನೂ ಹಚ್ಚಿಕೊಂಡ. ಓದಿಗಿಂತ ಇದೇ ಒಂದು ಕೈ ಜಾಸ್ತಿ.

ಅಲೆ ಬಂದು ವಾಪಸ್ ಹೋಗುವಾಗ ಮರಳಿನ ಮೇಲೆ ತೆಳ್ಳಗೆ ನೀರು ಉಳಿಯುತ್ತದಲ್ಲ, ಅದರ ಮೇಲೆ ಈ ಹಲಗೆಯನ್ನು ಎಸೆದು, ಓಡಿ ಬಂದು ಹತ್ತಿ ಜಾರಬೇಕು. ಸರ್ಫ್‌ಬೋರ್ಡಿಗಿಂತ ಚಿಕ್ಕದು, ತೆಳು. ಅಡಿಯಲ್ಲಿ ಅದಕ್ಕಿರುವಂಥ ರೆಕ್ಕೆ ಇರಲ್ಲ. 1920ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಲಗೂನಾ ಬೀಚ್‌ನಲ್ಲಿ ಲೈಫ್‌ಗಾರ್ಡ್‌ಗಳು ಮರದ ಹಲಗೆ ಇಟ್ಟುಕೊಂಡು ಶುರು ಮಾಡಿದ ಆಟವಂತೆ. "ಮುಳುಗೋರು ಯಾರೂ ಇಲ್ದೇ ಇದ್ದಾಗ ಇನ್ನೇನು ಮಾಡ್ತಾರೆ ಪಾಪ" ಅಂದರು ನಮ್ಮ ಅತ್ತೆ.

ಅರಬ್ಬೀ ಸಮುದ್ರ ಮಗನ ಹಲಗೆಗೆ ಏನೂ ಮಾಡಲಿಲ್ಲ. ಪಣಂಬೂರು, ಸಸಿಹಿತ್ಲು, ಎಲ್ಲ ಕಡೆ ಬಿದ್ದು ಎದ್ದು ಗಟ್ಟಿಮುಟ್ಟಾಗೇ ಇತ್ತು. ರಜೆಗೆ ಬಂದವನು ಮೆಜೆಸ್ಟಿಕ್‌ನಿಂದ ಮನೆಗೆ ಆಟೋದಲ್ಲಿ ತಂದ. ಹಲಗೆಯ ಮೂತಿ ಒಂದು ಗೇಣು ಹೊರಗೆ ಚಾಚಿತ್ತು. ಮಾಗಡಿ ರೋಡಿನಲ್ಲಿ ಒಂದು ಬಸ್ಸಿಗೂ ಒಂದು ಟೆಂಪೋಗೂ ನಡುವೆ ಇದ್ದ ಸಂದನ್ನು ಡ್ರೈವರ್ ಆಟೋದ ಅಗಲಕ್ಕೆ ಸರಿಯಾಗಿ ಅಳೆದರು. ಮೂತಿಯನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಟಕ್ ಅಂತ ಒಂದು ಸದ್ದು. "ಏನಾಗಲ್ಲ ಬಿಡಿ ಬ್ರದರ್, ಪ್ಲಾಸ್ಟಿಕ್ ತಾನೆ" ಅಂದರಂತೆ.

ಮೂತಿ ಜಜ್ಜಿತ್ತು. ಅಲ್ಲಿಂದ ಅಂಚಿನುದ್ದಕ್ಕೆ ಕಿರುಬೆರಳಷ್ಟು ಸೀಳು. ಒಳಗೆ ಬೆಳ್ಳಗೆ, ಕಾಳು ಕಾಳಾಗಿ ಏನೋ ಇಣುಕುತ್ತಿತ್ತು. ನಮ್ಮವರು ಕನ್ನಡಕ ಏರಿಸಿ ನೋಡಿದರು. "ಥರ್ಮಾಕೋಲ್! ಇಷ್ಟು ದುಡ್ಡು ಸುರಿದು ಥರ್ಮಾಕೋಲ್ ತಂದಿದೀಯೇನೋ?" ಮಗ ತಾಳ್ಮೆಯಿಂದ ವಿವರಿಸಿದ. ಒಳಗಿನ ತಿರುಳು ಫೋಮ್. ಅದರ ಮೇಲೆ ಫೈಬರ್‌ಗ್ಲಾಸ್ ಬಟ್ಟೆ ಹಾಸಿ ಎಪಾಕ್ಸಿ ರೆಸಿನ್ ಅನ್ನೋ ಗಟ್ಟಿಯಾಗುವ ಅಂಟು ಕುಡಿಸಿರುತ್ತಾರೆ. ಗಟ್ಟಿತನವೆಲ್ಲ ಆ ಸಿಪ್ಪೆಯದು. ಸಿಪ್ಪೆ ಒಡೆದರೆ ನೀರು ಒಳಗೆ ಹೋಗುತ್ತದೆ, ಹೋದ ನೀರು ಬೇಗ ಹೊರಗೆ ಬರಲ್ಲ. ಆದ್ದರಿಂದ ಯಾರೂ ಮುಟ್ಟಬೇಡಿ, ಅಷ್ಟೇ. ಇಷ್ಟು ಹೇಳಿ ಫ್ರೆಂಡ್ಸ್ ನೋಡೋಕೆ ಹೋದ.

ಅವನು ವಾಪಸ್ ಬರುವಷ್ಟರಲ್ಲಿ ಅತ್ತೆ ಅದನ್ನು ಬಚ್ಚಲಿಗೆ ಒಯ್ದು, ತೆಂಗಿನ ನಾರು, ಸಬೀನಾ ಹಾಕಿ ತಿಕ್ಕಿ, ಎರಡು ಬಕೆಟ್ ಬಿಸಿನೀರು ಹೊಯ್ದು ಮುಗಿಸಿದ್ದರು. ಹಲಗೆಯ ಮೇಲ್ಭಾಗಕ್ಕೆ ಕಾಲು ಜಾರದಿರಲಿ ಅಂತ ಒಂದು ಥರ ಮೇಣ ಹಚ್ಚಿರುತ್ತಾರೆ. ಅದಕ್ಕೆ ಮರಳು, ಧೂಳು, ಮಗನ ಕಾಲಿನ ಕೊಳೆ ಎಲ್ಲ ಮೆತ್ತಿಕೊಂಡು ಕಪ್ಪಗಾಗಿತ್ತು. "ಎಷ್ಟು ಜಿಡ್ಡು ಕಣೇ, ಇದನ್ನ ತೊಳೀದೆ ಹ್ಯಾಗೋ ಇಟ್ಕೊಂಡಿದ್ದ" ಅಂತ ನನಗೆ ವರದಿ ಬಂತು. ಅತ್ತೆಯ ಪರವಾಗಿ ಒಂದು ಮಾತು ಹೇಳಲೇಬೇಕು. ರಿಪೇರಿಯಲ್ಲಿ ಮೊದಲ ಕೆಲಸವೇ ಮೇಣ ತೆಗೆಯೋದು, ಇಲ್ಲದಿದ್ದರೆ ರೆಸಿನ್ ಕಚ್ಚಲ್ಲ. ಆ ಮಟ್ಟಿಗೆ ಅವರದು ಫಸ್ಟ್ ಕ್ಲಾಸ್ ಕೆಲಸ. ಬಿಸಿನೀರು ಸೀಳಿನೊಳಗೆ ಹೋಗಿದ್ದು ಮಾತ್ರ ಆ ಕೆಲಸದ ಬಡ್ಡಿ.

ಮಗ ಏನೂ ಮಾತಾಡಲಿಲ್ಲ. ಹಲಗೆಯನ್ನು ಮೂತಿ ಕೆಳಗೆ ಮಾಡಿ ಬಾಲ್ಕನಿಯಲ್ಲಿ ನಿಲ್ಲಿಸಿ, "ಪೂರ್ತಿ ಒಣಗೋ ತನಕ ಯಾರೂ ಏನೂ ಮಾಡ್ಬೇಡಿ" ಅಂತ ಹೇಳಿ ಕಾಲೇಜಿಗೆ ಹೊರಟ. ಆಗಸ್ಟ್ ತಿಂಗಳು. ನಮ್ಮನೆಯಲ್ಲಿ ಕರ್ಚೀಫೇ ಒಣಗುತ್ತಿರಲಿಲ್ಲ.

ಹೊರಗೆ ರಿಪೇರಿಗೆ ಕೊಡೋದು ಅಂದರೆ ನಮ್ಮವರಿಗೆ ಮರ್ಯಾದೆ ಪ್ರಶ್ನೆ. ನಮ್ಮ ಮಿಕ್ಸಿಯನ್ನು ಅವರೇ ರಿಪೇರಿ ಮಾಡಿದ್ದು. ಈಗ ಅದಕ್ಕೆ ಒಂದೇ ಸ್ಪೀಡು. "ಇದೇ ಅದಕ್ಕೆ ಸರಿಯಾದ ಸ್ಪೀಡು" ಅಂತಾರೆ. ಹಲಗೆ ವಿಷಯದಲ್ಲೂ ಅವರ ತೀರ್ಮಾನ ಆಗಿಹೋಗಿತ್ತು. ಸಲಹೆಗಳಿಗೇನೂ ಬರವಿರಲಿಲ್ಲ. ಪಕ್ಕದ ಮನೆಯವರು ಐದು ರೂಪಾಯಿಯ ಸೂಪರ್ ಗಮ್ ಸಾಕು ಅಂದರು. ಆ ಗಮ್ ಥರ್ಮಾಕೋಲನ್ನು ಅಂಟಿಸುವ ಬದಲು ತಿಂದುಹಾಕುತ್ತದೆ. ನಮ್ಮ ಪ್ಲಂಬರ್ ಎಂ-ಸೀಲ್ ಅಂದ. ಅವನು ಯಾವುದಕ್ಕಾದರೂ ಎಂ-ಸೀಲ್ ಅಂತಲೇ ಅನ್ನೋದು. ತುರ್ತಿಗೆ ನೀರು ತಡೆಯೋಕೆ ಅದು ಪರವಾಗಿಲ್ಲ, ಆದರೆ ಭಾರ. ಬಳುಕುವ ಹಲಗೆಯ ಮೇಲೆ ಬಳುಕದ ಪುಟ್ಟಿ ಎಷ್ಟು ದಿನ ನಿಂತೀತು?

ಕೊನೆಗೆ ಇಬ್ಬರೂ ಹಾರ್ಡ್‌ವೇರ್ ಅಂಗಡಿಗಳಿರುವ ಎಸ್.ಜೆ.ಪಿ. ರೋಡಿಗೆ ಹೋದೆವು. "ಟ್ಯಾಂಕಿಗಾ, ಬಂಪರಿಗಾ?" ಅಂತ ಅಂಗಡಿಯವರು ಕೇಳಿದರು. "ಸಮುದ್ರಕ್ಕೆ" ಅಂದರು ನಮ್ಮವರು. ಅಂಗಡಿಯವರು ಒಂದು ಕ್ಷಣ ಸುಮ್ಮನಿದ್ದು, ಜಿಪಿ ರೆಸಿನ್, ಅದನ್ನು ಗಟ್ಟಿ ಮಾಡೋಕೆ ಕೋಬಾಲ್ಟ್, ಕ್ಯಾಟಲಿಸ್ಟ್ ಅಂತ ಮೂರು ಬಾಟಲಿ ಇಟ್ಟರು. ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರವಾಗಿ ಸೇರಿಸಬಾರದು, ಸೇರಿಸಿದರೆ ಬೆಂಕಿ ಹತ್ತಬಹುದು, ಸಿಡಿಯಲೂಬಹುದು ಅಂತ ಎರಡು ಸಲ ಹೇಳಿದರು. ಈ ಮಾತು ಕೇಳಿ ನಮ್ಮವರ ಮುಖದಲ್ಲಿ ಉತ್ಸಾಹ ಮೂಡಿದ್ದನ್ನು ನಾನು ಗಮನಿಸಿದೆ. ನನ್ನ ಗುಮಾನಿ ಬೇರೆಯದೇ ಇತ್ತು. ಜಿಪಿ ರೆಸಿನ್ ಅಂದರೆ ಪಾಲಿಯೆಸ್ಟರ್. ಅದರಲ್ಲಿರುವ ಸ್ಟೈರೀನ್ ಅನ್ನೋ ರಾಸಾಯನಿಕಕ್ಕೂ ಥರ್ಮಾಕೋಲಿಗೂ ಆಗಿಬರಲ್ಲ ಅಂತ ಮಗ ಫೋನಿನಲ್ಲಿ ಹೇಳಿದ್ದ. "ಅವೆಲ್ಲ ಥಿಯರಿ" ಅಂದರು ಇವರು. ಎಪಾಕ್ಸಿಯ ರೇಟು ಕೇಳಿದ ಮೇಲಂತೂ ಅದು ಇನ್ನಷ್ಟು ಥಿಯರಿಯಾಯಿತು.

ಅಟ್ಟದ ಮೇಲೆ ಹಳೇ ಗಣೇಶನ ಹಬ್ಬದ ಥರ್ಮಾಕೋಲ್ ಮಂಟಪ ಇತ್ತು. ಅದರ ಒಂದು ಕಂಬದ ಮೇಲೆ ನಾನು ಒಂದು ಚಮಚ ಜಿಪಿ ರೆಸಿನ್ ಬಿಟ್ಟೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಆ ಜಾಗ ಮೆಲ್ಲಗೆ ಕುಸಿಯಿತು. ರೆಸಿನ್ ಒಳಗಿಳಿಯಿತು, ಸುತ್ತಲ ಕಾಳುಗಳು ಒಂದೊಂದೇ ಕರಗಿ ಅಂಟಂಟಾದವು. ನೋಡ್ತಾ ನೋಡ್ತಾ ಕಂಬದ ನಡುವೆ ಹೆಬ್ಬೆರಳು ತೂರುವಷ್ಟು ತೂತು. ಮಂಟಪದ ಸೂರು ಒಂದು ಕಡೆ ವಾಲಿತು. ಅತ್ತೆ ಕೆನ್ನೆ ಬಡಿದುಕೊಂಡರು. ನಮ್ಮವರು ಚಪ್ಪಲಿ ಹಾಕಿಕೊಂಡು ಎಪಾಕ್ಸಿ ತರೋಕೆ ಹೊರಟರು.

ಎಪಾಕ್ಸಿಯಲ್ಲಿ ರೆಸಿನ್‌ಗೂ ಹಾರ್ಡ್‌ನರ್‌ಗೂ ಇಷ್ಟಕ್ಕೆ ಇಷ್ಟು ಅಂತ ಡಬ್ಬಿ ಮೇಲೆ ಬರೆದಿರುತ್ತದೆ. ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಬೇಗ ಆಗಲ್ಲ, ಸರಿಯಾಗಿ ಆಗೋದೇ ಇಲ್ಲ. ಅದಕ್ಕೇ ಅಡುಗೆಮನೆಯ ತಕ್ಕಡಿಯನ್ನು ನಾನು ಹಿಡಿದುಕೊಂಡೆ. ತೂಕ ಪಕ್ಕಾ ಇತ್ತು. ಆದರೆ ಕಲಸೋಕೆ ಇವರು ತಂದಿದ್ದು ಉದ್ದನೆಯ ಸ್ಟೀಲ್ ಲೋಟ. ಅತ್ತೆಯ ಮದುವೆಗೆ ಯಾರೋ ಹೆಸರು, ತಾರೀಖು ಕೊರೆಸಿ ಕೊಟ್ಟಿದ್ದು. ಎಪಾಕ್ಸಿ ಗಟ್ಟಿಯಾಗುವಾಗ ಬಿಸಿ ಬಿಡುತ್ತದೆ. ಅಗಲವಾದ ತಟ್ಟೆಯಲ್ಲಾದರೆ ಆ ಬಿಸಿ ಹರಡಿಹೋಗುತ್ತದೆ. ಲೋಟದಲ್ಲಿ ಜಾಸ್ತಿ ಕಲಸಿಟ್ಟರೆ ಬಿಸಿಗೆ ಬಿಸಿ ಸೇರಿ ಇನ್ನೂ ಬೇಗ ಗಟ್ಟಿಯಾಗುತ್ತದೆ. ಹಲಗೆಗೆ ಒಂದು ತುಂಡು ಫೈಬರ್‌ಗ್ಲಾಸ್ ಬಟ್ಟೆ ಹಾಸಿ, ರೆಸಿನ್ ಸವರಿ, ಮೇಲೆ ಹಳೇ ಓಎಚ್‌ಪಿ ಶೀಟ್, ಅಂದರೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಅಂಟಿಸಿ ಗುಳ್ಳೆ ಒತ್ತುವಷ್ಟರಲ್ಲಿ ಲೋಟದಿಂದ ಹೊಗೆ ಏಳುತ್ತಿತ್ತು. ತಣ್ಣಗಾದ ಮೇಲೆ ನೋಡಿದರೆ ಜೇನಿನ ಬಣ್ಣದ ಗಾಜು, ಮಧ್ಯೆ ನೆಟ್ಟಗೆ ನಿಂತ ಐಸ್‌ಕ್ರೀಂ ಕಡ್ಡಿ. ಈಗಲೂ ಅದು ಶೋಕೇಸಿನಲ್ಲಿದೆ. ಅತ್ತೆ ಬಿಸಾಕೋಕೆ ಬಿಡಲ್ಲ, ಮದುವೆ ತಾರೀಖು ಇದೆಯಲ್ಲ.

ಆಮೇಲೆ ಉಜ್ಜಾಟ. ಮೊದಲು 80 ನಂಬರಿನ ಎಮರಿ ಪೇಪರ್, ಆಮೇಲೆ 220, ಕೊನೆಗೆ 400ರ ವಾಟರ್ ಪೇಪರ್ ನೀರು ಹಾಕಿಕೊಂಡು. ಮಾಸ್ಕು, ಕೈಗವಸು ಹಾಕಿಸಿದ್ದೆ, ತಪ್ಪದೆ. ಇವರು ಉಜ್ಜಿ ಮುಗಿಸಿ, ಧೂಳು ತುಂಬಿದ ಬನಿಯನ್ನನ್ನು ಬಿಚ್ಚಿ ಸೀದಾ ವಾಷಿಂಗ್ ಮಷೀನಿಗೆ ಹಾಕಿದರು. ಅದರೊಳಗೆ ಮನೆಮಂದಿಯ ಬಟ್ಟೆ, ಟವೆಲ್ಲು ಎಲ್ಲ ಇತ್ತು. ಫೈಬರ್‌ಗ್ಲಾಸಿನ ಎಳೆ ಕಣ್ಣಿಗೆ ಕಾಣಲ್ಲ. ಒಗೆದರೆ ಹೋಗಲ್ಲ, ಹಂಚಿಕೆಯಾಗುತ್ತದೆ. ಆ ಭಾನುವಾರ ನನ್ನ ಚಿಕ್ಕಮ್ಮನ ಮಗಳ ಸೀಮಂತ. ನಾವು ಮೂವರೂ ಮುಂದಿನ ಸಾಲಿನಲ್ಲಿ ಕೂತು ಕತ್ತು, ಕಂಕುಳು, ಬೆನ್ನು ಅಂತ ಸರದಿಯಂತೆ ಕೆರೆದುಕೊಂಡೆವು. ಬಳೆ ತೊಡಿಸೋಕೆ ನನ್ನನ್ನು ಕರೆಯಲೇ ಇಲ್ಲ. ಊಟಕ್ಕೆ ಕೂತಾಗ ನಮ್ಮ ಅಕ್ಕಪಕ್ಕದ ಎಲೆಗಳು ಖಾಲಿ ಇದ್ದವು. ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಿದರು, ಎಳೆಗಳು ಇನ್ನೂ ಒಳಗೆ ಹೊಕ್ಕವು. ಅಂಟು ಟೇಪು ಒತ್ತಿ ಕೀಳಬೇಕು, ತಣ್ಣೀರಲ್ಲಿ ತೊಳೀಬೇಕು. ಇದನ್ನು ಯಾರೂ ಮೊದಲೇ ಹೇಳಲ್ಲ, ಅದಕ್ಕೇ ಇಲ್ಲಿ ಬರೆದೆ.

ಇಷ್ಟೆಲ್ಲ ಆದರೂ ಹಲಗೆ ನೋಡೋಕೆ ಚೆನ್ನಾಗೇ ಇತ್ತು. ಒಂದು ದಿನ ಚೆನ್ನಾಗಿ ಬಿಸಿಲು ಬಿತ್ತು. ಸಂಜೆ ಹೊತ್ತಿಗೆ ತೇಪೆ ಬೋಂಡಾ ಥರ ಉಬ್ಬಿತು. ಒಳಗಿದ್ದ ಅತ್ತೆಯ ಬಿಸಿನೀರು ಆವಿಯಾಗಿ ದಾರಿ ಹುಡುಕುತ್ತಿತ್ತು.

ಸ್ಕಿಮ್‌ಬೋರ್ಡ್ ರಿಪೇರಿ ಅಂತ ಬೋರ್ಡು ಹಾಕಿಕೊಂಡ ಅಂಗಡಿ ನಮಗೆ ಕಣ್ಣಿಗೆ ಬೀಳಲಿಲ್ಲ. ಕೊನೆಗೆ ಸಿಕ್ಕಿದ್ದು ಪೀಣ್ಯದಲ್ಲಿ ಒಬ್ಬ ಫೈಬರ್ ಮೇಸ್ತ್ರಿ. ಟ್ಯಾಂಕು, ಗಾಡಿಗಳ ಬಂಪರ್ ಮಾಡೋರು. ಹಲಗೆಯನ್ನು ಎತ್ತಿ ತೂಕ ನೋಡಿದರು. ಜೇಬಿನಿಂದ ಒಂದು ನಾಣ್ಯ ತೆಗೆದು ಬಾಲದಿಂದ ಮೂತಿಯವರೆಗೆ ತಟ್ಟುತ್ತಾ ಬಂದರು. ಟಣ್, ಟಣ್, ಟಣ್. ನಮ್ಮ ತೇಪೆಯ ಹತ್ತಿರ ಬಂದಾಗ ಡೊಬ್. ಪೆನ್ಸಿಲ್ ತಗೊಂಡು ಡೊಬ್ ಅಂದ ಜಾಗದ ಸುತ್ತ ಗೆರೆ ಎಳೆದರು. ತೇಪೆ ಅಂಗೈಯಷ್ಟಿತ್ತು, ಗೆರೆ ಊಟದ ತಟ್ಟೆಯಷ್ಟಾಯಿತು.

"ಇದನ್ನ ಯಾರು ಮಾಡಿದ್ದು ಸಾರ್?"

"ನಮ್ಮನೆ ಹತ್ರ ಒಬ್ಬರು" ಅಂದರು ನಮ್ಮವರು.

"ಅವರ ಹತ್ರ ಇನ್ಮೇಲೆ ಹೋಗ್ಬೇಡಿ."

ಬೇರೆ ಮಾತು ಬರಲಿಲ್ಲ. ಗೆರೆಯೊಳಗಿನ ಸಿಪ್ಪೆಯನ್ನೆಲ್ಲ ಕತ್ತರಿಸಿ ತೆಗೆದರು. ಒದ್ದೆ ಫೋಮ್ ಕೆತ್ತಿ ಹೊಸ ತುಂಡು ಕೂರಿಸಿದರು. ಶೆಡ್ಡಿನಲ್ಲಿ ಬಲ್ಬು ಹಾಕಿ ಒಣಗಿಸಿದರು. ಎಪಾಕ್ಸಿ ಹಚ್ಚಿದ ಮೇಲೆ ಪ್ಲಾಸ್ಟಿಕ್ ಸುತ್ತಿ ಪಂಪಿನಿಂದ ಗಾಳಿ ಎಳೆದರು, ಬಟ್ಟೆ ಫೋಮಿಗೆ ಗಟ್ಟಿಯಾಗಿ ಕಚ್ಚಲಿ ಅಂತ. ಬಿಲ್ಲು ಕೈಬರಹದಲ್ಲಿತ್ತು. "ಮೂತಿ ರಿಪೇರಿ 1,400. ಹಳೇ ರಿಪೇರಿ ತೆಗೆದಿದ್ದಕ್ಕೆ 900." ನಮ್ಮವರು ಎರಡನೇ ಸಾಲನ್ನು ಹೆಬ್ಬೆರಳಿನಿಂದ ಮುಚ್ಚಿಕೊಂಡು ಬಿಲ್ಲು ತೋರಿಸಿದರು.

ನನ್ನನ್ನು ಕೇಳಿದರೆ, ಸಿಪ್ಪೆ ಮೇಲೆ ಗೀರು, ಸಣ್ಣ ಬಿರುಕು, ಫೋಮ್ ಕಾಣದ ಗಾಯ, ಇವನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ತಕ್ಕಡಿ ಇರಲಿ, ತಟ್ಟೆ ಅಗಲವಾಗಿರಲಿ, ಬನಿಯನ್ನು ಬೇರೆ ಒಗೀರಿ. ಒಳಗೆ ನೀರು ಹೋಗಿದ್ದರೆ, ತಟ್ಟಿದಾಗ ಡೊಬ್ ಅಂದರೆ, ಹಲಗೆ ಮುರಿದಿದ್ದರೆ ಸುಮ್ನೆ ಗೊತ್ತಿರುವವರಿಗೆ ಕೊಟ್ಟುಬಿಡಿ. ಯಾವ ರೆಸಿನ್ ಹಾಕ್ತೀರಾ ಅಂತ ಕೇಳಿಯೇ ಕೊಡಿ. ಒಳಗೆ ಯಾವ ಫೋಮ್ ಇದೆ ಅಂತ ಅವರೇ ವಾಪಸ್ ಕೇಳಿದರೆ ಇನ್ನೂ ಒಳ್ಳೇದು.

ದಸರಾ ರಜೆಗೆ ಬಂದ ಮಗ ಮೂತಿ ಸವರಿ ನೋಡಿ, "ಅಪ್ಪ ಮಾಡಿದ್ದಾ? ಸೂಪರ್" ಅಂದ. ಅಪ್ಪ ಇಲ್ಲ ಅನ್ನಲಿಲ್ಲ. ಸುದ್ದಿ ಬೀದಿಗೆಲ್ಲ ಹಬ್ಬಿತು. ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಎಪಾಕ್ಸಿ ಉಳಿದಿದೆ. ಮೊನ್ನೆ ಪಕ್ಕದ ಮನೆಯವರು ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ ತಂದು ಗೇಟಿನ ಒಳಗೆ ಇಟ್ಟು ಹೋದರು. ಅದು ಪಾಲಿಪ್ರೊಪಿಲೀನು, ಎಪಾಕ್ಸಿ ಅದಕ್ಕೆ ಸರಿಯಾಗಿ ಅಂಟಲ್ಲ ಅಂತ ನಾನು ಹೇಳಿದೆ.

"ಟ್ರೈ ಮಾಡಿ ನೋಡೋಣ, ತಪ್ಪೇನು?" ಅಂತ ಇವರು ಅಡುಗೆಮನೆಗೆ ಲೋಟ ಹುಡುಕೋಕೆ ಹೋದರು.