ಆಳಂದಕ್ಕೆ ದಾರಿ ಗೊತ್ತಾಗಬೇಕಾದರೆ ಚಾವಣಿಗೆ ತೂತು ಬೇಕು

ಕಲಬುರಗಿಯಲ್ಲಿ ಕಾರು ತಗೊಳ್ಳೋರು ಈಗ ಮೈಲೇಜ್ ಕೇಳೋದೇ ಬಿಟ್ಟಿದ್ದಾರೆ. ಶೋರೂಮಿನ ಮೆಟ್ಟಿಲು ಹತ್ತಿದ ಕೂಡಲೇ ಬರುವ ಪ್ರಶ್ನೆ: "ನ್ಯಾವಿಗೇಶನ್ ಕಂಪನಿ ಫಿಟ್ಟಿಂಗೇ ಬರ್ತದೇನ್ರಿ, ಇಲ್ಲ ಹೊರಗಿಂದ ಹಾಕಿಸ್ಬೇಕಾ?" ಕೇಳುವವರು ಯಾರು ಅಂತೀರಿ? ಹುಟ್ಟಿದಾಗಿನಿಂದ ಬ್ರಹ್ಮಪುರದಲ್ಲೇ ಇದ್ದವರು. ಬೆಳಿಗ್ಗೆ ನೆಹರೂ ಗಂಜಿಗೆ ಹೋಗಿ ತೊಗರಿ ವ್ಯಾಪಾರ ಮಾಡಿ, ಸಂಜೆ ಪಬ್ಲಿಕ್ ಗಾರ್ಡನ್ ಒಂದು ಸುತ್ತು ಹಾಕಿ ಮನೆಗೆ ಬರುವವರು. ಇವರು ನಿದ್ದೆಗಣ್ಣಲ್ಲಿ ಓಡಿಸಿದರೂ ಕಾರು ಸರಿಯಾಗಿ ತಮ್ಮ ಅಂಗಡಿ ಮುಂದೆಯೇ ನಿಲ್ಲುತ್ತದೆ. ಆದರೂ ದಾರಿ ಹೇಳುವ ನ್ಯಾವಿಗೇಶನ್ ಬೇಕು. ಅದೂ ಕಂಪನಿ ಫಿಟ್ಟಿಂಗೇ ಬೇಕು, ಯಾಕಂದ್ರೆ ಬೀಗರ ಕಾರಿನಲ್ಲಿ ಅದೇ ಇದೆ.

ಸರಿ, ಬೇಕು ಅಂದಿರಿ. ಈಗ ಶುರುವಾಗುತ್ತದೆ ಆಟ. ಕೆಳಗಿನ ಮಾಡೆಲ್‌ನಲ್ಲಿ ನ್ಯಾವಿಗೇಶನ್ ಇಲ್ಲ. ನಡುವಿನದರಲ್ಲಿ ಸ್ಕ್ರೀನ್ ಇದೆ, ಮ್ಯಾಪ್ ಇಲ್ಲ. ಮ್ಯಾಪ್ ಬೇಕು ಅಂದ್ರೆ ಟಾಪ್ ಮಾಡೆಲ್ಲೇ ಆಗಬೇಕು, ಟಾಪ್ ಮಾಡೆಲ್ ಅಂದಮೇಲೆ ಜೊತೆಗೆ ಸನ್‌ರೂಫ್, ಬಾಗಿಲ ಒಳಗೆ ನೀಲಿ ದೀಪ, ಸೀಟಿನ ಕೆಳಗೆ ಗಾಳಿ, ಎಲ್ಲವನ್ನೂ ಹೊತ್ತುಕೊಂಡೇ ಹೋಗಬೇಕು, ಮ್ಯಾಪ್ ಒಂದನ್ನೇ ಬಿಡಿಯಾಗಿ ಕೊಡಿ ಅಂದರೆ ಸೇಲ್ಸ್ ಹುಡುಗ ನಿಮ್ಮನ್ನ ಪಾಪ ಅನ್ನೋ ಹಾಗೆ ನೋಡುತ್ತಾನೆ. ಅಂದರೆ ಆಳಂದಕ್ಕೆ ದಾರಿ ಯಾವುದು ಅಂತ ತಿಳಿಯಬೇಕಾದರೆ ಮೊದಲು ಕಾರಿನ ಚಾವಣಿಗೆ ಒಂದು ತೂತು ಮಾಡಿಸಿಕೊಳ್ಳಬೇಕು. ಎಲ್ಲಿ? ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲು ಹೊಡೆಯುವ ಊರಲ್ಲಿ! ಬೇರೆ ದೇಶದವರು ಬಿಸಿಲು ಸಿಗದೆ ಒದ್ದಾಡಿ ಮಾಡಿಸಿಕೊಂಡ ಕಿಟಕಿ ಅದು. ನಮಗೆ ಬಿಸಿಲಿನ ಕೊರತೆ ಯಾವತ್ತು ಆಗಿತ್ತು?

ಆ ತೂತಿನಿಂದ ಒಂದೇ ಒಂದು ಉಪಯೋಗ ಇದೆ. ಮದುವೆ ಮೆರವಣಿಗೆಯಲ್ಲಿ ಮದುಮಗನ ತಮ್ಮ ಅದರಿಂದ ಅರ್ಧ ಮೈ ಹೊರಗೆ ಹಾಕಿ ಕುಣಿಯುತ್ತಾನೆ. ಕಾರು ಡಿಜೆ ಹಿಂದೆ ಆಮೆ ನಡಿಗೆಯಲ್ಲಿ ಸಾಗುತ್ತಿರುತ್ತದೆ. ಒಳಗೆ ಹತ್ತು ಇಂಚಿನ ಸ್ಕ್ರೀನ್ ಮೇಲೆ ಮ್ಯಾಪು ಉರಿಯುತ್ತಾ, ಕಲ್ಯಾಣ ಮಂಟಪ ಕಣ್ಣ ಮುಂದೆ ಕಾಣುತ್ತಿದ್ದರೂ, "ಇನ್ನೂರು ಮೀಟರ್ ನಂತರ ಎಡಕ್ಕೆ ತಿರುಗಿ" ಅಂತ ಹೇಳುತ್ತಲೇ ಇರುತ್ತದೆ. ಇಷ್ಟು ದುಡ್ಡು ಕೊಟ್ಟದ್ದಕ್ಕೆ ನಾಲ್ಕು ಜನ ಕೇಳಿಸಿಕೊಂಡರಲ್ಲ, ಸಾಕು.

ಉಪಗ್ರಹದ ವಿಷಯಕ್ಕೆ ಬರೋಣ, ಯಾಕಂದ್ರೆ ಅದರ ಹೆಸರಲ್ಲೇ ಈ ವ್ಯಾಪಾರ ನಡೆಯುತ್ತಿರುವುದು. ಜಿಪಿಎಸ್ ಉಪಗ್ರಹ ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಮೇಲೆ ಸುತ್ತುತ್ತದೆ. ಅದು ನಿಮ್ಮನ್ನ ನೋಡೋದಿಲ್ಲ. ನಿಮ್ಮ ಕಾರು ಟಾಪ್ ಮಾಡೆಲ್ಲೋ ಬೇಸ್ ಮಾಡೆಲ್ಲೋ ಅದಕ್ಕೆ ಗೊತ್ತೂ ಇಲ್ಲ. ತಾನು ಎಲ್ಲಿದ್ದೇನೆ, ಈಗ ಟೈಮ್ ಎಷ್ಟು ಅಂತ ಕೂಗಿ ಹೇಳುವುದಷ್ಟೇ ಅದರ ಕೆಲಸ. ಹೀಗೆ ಕೂಗುವ ನಾಲ್ಕು ಉಪಗ್ರಹದ ಮಾತು ಕಿವಿಗೆ ಬಿದ್ದರೆ ಸಾಕು, ಕೆಳಗಿನ ರಿಸೀವರ್ ಲೆಕ್ಕ ಹಾಕಿ ನೀವು ಎಲ್ಲಿದ್ದೀರಿ ಅಂತ ಹೇಳುತ್ತದೆ. ಉಪಗ್ರಹದ ಗಡಿಯಾರ ಮಾತ್ರ ಪಕ್ಕಾ ಇರಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ಲೆಕ್ಕ ಸುಮಾರು 300 ಮೀಟರ್ ಆಚೀಚೆ ಆಗುತ್ತದೆ. ಹತ್ತು ಗಂಟೆ ಅಂತ ಕಾರ್ಡಿನಲ್ಲಿ ಹಾಕಿ ಹನ್ನೆರಡಕ್ಕೆ ದೀಪ ಹಚ್ಚುವ ನಮ್ಮ ಕಡೆಯ ಸಮಾರಂಭದವರ ಕೈಗೆ ಆ ಗಡಿಯಾರ ಕೊಟ್ಟಿದ್ದರೆ ಜಗತ್ ಸರ್ಕಲ್ ಶನಿ ಗ್ರಹದ ಆಚೆ ತೋರಿಸುತ್ತಿತ್ತು. ಸುಮ್ನೆ ಹೇಳುತ್ತಿಲ್ಲ, ಎರಡು ತಾಸಿನಲ್ಲಿ ಬೆಳಕು ಅಷ್ಟು ದೂರ ಹೋಗುತ್ತದೆ.

ಈ ರಿಸೀವರ್ ಚಿಪ್ ಹತ್ತು ಸಾವಿರದ ಫೋನಿನಲ್ಲೂ ಇದೆ. ನಮ್ಮ ಇಸ್ರೋ 2013ರಿಂದ ಹಾರಿಸುತ್ತಾ ಬಂದ, 2016ರಲ್ಲಿ ನಾವಿಕ್ ಅಂತ ಹೆಸರು ಪಡೆದ ಉಪಗ್ರಹಗಳ ಮಾತನ್ನೂ ಕೇಳುವ ಫೋನುಗಳು ಈಗ ಇವೆ. ಮೇಲಿಂದ ಬರುವ ಸಿಗ್ನಲ್‌ಗೆ ನೀವು, ನಾನು, ಯಾರೂ ಒಂದು ಪೈಸೆ ಕೊಡಬೇಕಾಗಿಲ್ಲ. ನೀವು ಲಕ್ಷಗಟ್ಟಲೆ ಕೊಡುತ್ತಿರುವುದು ಗಾಜಿಗೆ, ವೈರಿಗೆ, ಮತ್ತೆ ಆ ತೂತಿಗೆ.

ಕಂಪನಿ ಫಿಟ್ಟಿಂಗ್‌ನವರ ಪರವಾಗಿ ಒಂದು ನ್ಯಾಯದ ಮಾತು ಹೇಳಲೇಬೇಕು. ಕಾರಿನೊಳಗೇ ಕೂತ ನ್ಯಾವಿಗೇಶನ್‌ಗೆ ಚಕ್ರ ಎಷ್ಟು ಉರುಳಿತು, ಕಾರು ಯಾವ ಕಡೆ ತಿರುಗಿತು ಅನ್ನೋ ಲೆಕ್ಕವೂ ಸಿಗಬಹುದು. ಹಾಗಿದ್ದಾಗ ಆಕಾಶ ಕಾಣದ ಸುರಂಗದಲ್ಲೂ ಅದು ಅಂದಾಜಿನ ಮೇಲೆ ದಾರಿ ತಪ್ಪದೆ ನಡೆಸುತ್ತದೆ. 1981ರಲ್ಲಿ ಹೋಂಡಾದವರು ಉಪಗ್ರಹದ ಸಹಾಯವೇ ಇಲ್ಲದೆ, ಬರೀ ಇಂಥ ಲೆಕ್ಕದ ಮೇಲೆ, ಪಾರದರ್ಶಕ ಹಾಳೆಯ ನಕ್ಷೆ ಸಿಕ್ಕಿಸುವ ಒಂದು ಯಂತ್ರ ಮಾಡಿದ್ದರು. ಒಳ್ಳೆಯ ವಿದ್ಯೆಯೇ. ಈಗ ನಮ್ಮ ಭಾಗದ ಸುರಂಗಗಳ ಪಟ್ಟಿ ಮಾಡೋಣ. ಒಂದು, ಬೀದರ್-ಕಲಬುರಗಿ ಲೈನಿನ ಮರಗುತ್ತಿ ಸುರಂಗ. ಅದರಲ್ಲಿ ರೈಲು ಹೋಗುತ್ತದೆ. ಎರಡನೆಯದು ಬೀದರಿನ ಕರೇಜ್. ಅದನ್ನ ಬಹಮನಿ ಕಾಲದವರು ನೀರಿಗಾಗಿ ತೋಡಿಸಿದ್ದರು. ಎರಡರಲ್ಲಿ ಯಾವುದಕ್ಕೆ ನಿಮ್ಮ ಕಾರು ಇಳಿಸಬೇಕು ಅಂತಿದ್ದೀರೋ ನೀವೇ ಹೇಳಿ.

ಕಂಪನಿ ಫಿಟ್ಟಿಂಗ್‌ನ ಇನ್ನೊಂದು ಗುಣ, ಅದು ಹುಟ್ಟಿದ ದಿನದ ನಂಬಿಕೆಯನ್ನ ಬಿಡೋದಿಲ್ಲ. ಹಳೆಯ ಟಾಪ್ ಮಾಡೆಲ್‌ಗಳಲ್ಲಿ ಮ್ಯಾಪು ಕಾರ್ಡಿನಲ್ಲೋ ಡಿಸ್ಕಿನಲ್ಲೋ ಕೂತಿರುತ್ತದೆ. 2014ರ ನವೆಂಬರ್ 1ರಿಂದ ಊರು ಕಲಬುರಗಿ ಆಗಿದೆ, ಆದರೆ ಆ ಕಾರಿನ ಒಳಗೆ ಇನ್ನೂ ಗುಲ್ಬರ್ಗಾ. 2019ರಲ್ಲಿ ಶ್ರೀನಿವಾಸ ಸರಡಗಿ ಹತ್ತಿರ ವಿಮಾನ ನಿಲ್ದಾಣ ಆಯಿತು. ಅಲ್ಲಿ ಕಾರು ನಿಲ್ಲಿಸಿ ನೋಡಿ, ಬಾಣದ ಗುರುತು ಖಾಲಿ ಜಾಗದ ನಡುವೆ ನಿಂತಿರುತ್ತದೆ, "ಹತ್ತಿರದ ರಸ್ತೆಗೆ ಬನ್ನಿ" ಅಂತ ಗೋಗರೆಯುತ್ತದೆ. ಅಪ್ಡೇಟ್ ಮಾಡಿಸೋಣ ಅಂದರೆ ಅದರ ರೇಟಿಗೆ ಒಂದು ಸುಮಾರಾದ ಫೋನೇ ಬರುತ್ತದೆ. ಹೊಸ ಕಾರುಗಳಲ್ಲಿ ಮ್ಯಾಪು ಇಂಟರ್‌ನೆಟ್ಟಿನಿಂದ ಹೊಸದಾಗುತ್ತಾ ಇರುತ್ತದೆ, ಕೆಲವು ವರ್ಷ ಫ್ರೀ, ಆಮೇಲೆ ವರ್ಷವರ್ಷ ದುಡ್ಡು ಕಟ್ಟಬೇಕು. ಮನೆಯಿಂದ ಗಂಜಿಗೆ ಹೋಗಲು ವರ್ಷದ ಕಂದಾಯ!

ಇಷ್ಟೆಲ್ಲ ಮಾಡಿ ಟಾಪ್ ಮಾಡೆಲ್ ತಗೊಂಡವರು ಕೊನೆಗೆ ಏನು ಮಾಡುತ್ತಾರೆ ಗೊತ್ತಾ? ಫೋನಿಗೆ ವೈರ್ ಹಾಕಿ, ಆಂಡ್ರಾಯ್ಡ್ ಆಟೋ ಚಾಲೂ ಮಾಡಿ, ಫೋನಿನ ಮ್ಯಾಪನ್ನೇ ಕಾರಿನ ಸ್ಕ್ರೀನ್ ಮೇಲೆ ತಂದುಕೊಂಡು ಹೋಗುತ್ತಾರೆ. ಕಂಪನಿಯ ಮ್ಯಾಪು ಒಳಗೆಲ್ಲೋ ಮಲಗಿರುತ್ತದೆ.

ಹಾಗಾದರೆ ಹೊರಗಿಂದ ತಂದು ಗಾಜಿಗೆ ಅಂಟಿಸುವ ಡಬ್ಬಿಯೇ ವಾಸಿ ಅಂತ ನೀವು ಅನ್ನಬಹುದು. ಅದರದ್ದು ಬೇರೆ ಕತೆ. ರಬ್ಬರಿನ ಬಟ್ಟಲು ಒತ್ತಿ ಗಾಜಿಗೆ ಅಂಟಿಸಿರುತ್ತೀರಿ. ಬಿಸಿಲಿಗೆ ಅದು ಮೆತ್ತಗಾಗುತ್ತದೆ. ಸೇಡಂ ರಸ್ತೆಯ ಮೊದಲ ಹಂಪ್ ಬಂದಾಗ ಗೇರಿನ ಮೇಲೆ ಬೀಳುತ್ತದೆ, ಎರಡನೆಯದಕ್ಕೆ ಕಾಲಡಿ ಹೋಗುತ್ತದೆ, ಅಲ್ಲಿಂದ ಬ್ರೇಕ್ ಪೆಡಲ್ ಹತ್ತಿರ ಕೂತು "ಬಲಕ್ಕೆ ತಿರುಗಿ" ಅನ್ನುತ್ತದೆ. ಕಾರು ಬಿಸಿಲಲ್ಲಿ ನಿಲ್ಲಿಸಿದರೆ ಅದನ್ನ ಒಳಗೆ ಬಿಡುವ ಹಾಗಿಲ್ಲ, ಬ್ಯಾಟರಿ ಉಬ್ಬುತ್ತದೆ. ನೆರಳಲ್ಲಿ ನಿಲ್ಲಿಸಿದರೂ ಬಿಡುವ ಹಾಗಿಲ್ಲ, ಬೇರೆಯವರು ಒಯ್ಯುತ್ತಾರೆ. ಹೋದಲ್ಲೆಲ್ಲ ಕೈಯಲ್ಲಿ ಹಿಡಿದುಕೊಂಡೇ ತಿರುಗಬೇಕು. ಆ ಡಬ್ಬಿಗಳು ಈಗ ಅಂಗಡಿಯಲ್ಲಿ ಕಾಣೋದೂ ಕಡಿಮೆ, ಅವುಗಳ ಕೆಲಸವನ್ನ ಫೋನ್ ನುಂಗಿತು.

ಫೋನಿಗೂ ನಮ್ಮೂರಿನ ಬಿಸಿಲು ಆಗಿಬರೋದಿಲ್ಲ. ಗಾಜಿನ ಹಿಂದೆ ಇಟ್ಟರೆ ಕಾದು ಕಾದು ಸ್ಕ್ರೀನ್ ಮಂಕಾಗುತ್ತದೆ, ಚಾರ್ಜ್ ಆಗೋದು ನಿಲ್ಲುತ್ತದೆ, ಕೊನೆಗೆ ತಣ್ಣಗಾಗಲು ಬಿಡಿ ಅಂತ ಬೋರ್ಡ್ ಹಾಕಿಕೊಂಡು ಕೂರುತ್ತದೆ. ಅದಕ್ಕೇ ಜಾಣರು ಎಸಿ ಗಾಳಿ ಬರುವ ಕಂಡಿಗೆ ಸಿಕ್ಕಿಸುವ ಹೋಲ್ಡರ್ ತಂದಿದ್ದಾರೆ. ಫೋನ್ ತಂಪಾಗಿ ಇರುತ್ತದೆ, ಹಿಂದೆ ಕೂತ ಅತ್ತೆಯವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾರೆ.

ಕಾನೂನು ಕೂಡ ಫೋನಿನ ಕಡೆಯೇ ಇದೆ. 2020ರ ಅಕ್ಟೋಬರ್‌ನಿಂದ ನಿಯಮ ಏನಪ್ಪಾ ಅಂದ್ರೆ, ಗಾಡಿ ಓಡಿಸುವಾಗ ಫೋನನ್ನ ದಾರಿ ನೋಡಲು ಮಾತ್ರ ಬಳಸಬಹುದು, ಅದೂ ಗಮನ ತಪ್ಪದ ಹಾಗೆ. ಅವತ್ತಿನಿಂದ ನಮ್ಮಲ್ಲಿ ಯಾರೂ ಡ್ರೈವಿಂಗ್ ಮಾಡುತ್ತಾ ಫೋನಿನಲ್ಲಿ ಮಾತಾಡುತ್ತಿಲ್ಲ. ಎಲ್ಲರೂ ಮ್ಯಾಪ್ ನೋಡುತ್ತಿದ್ದಾರೆ. ಸೂಪರ್ ಮಾರ್ಕೆಟ್ ಸಿಗ್ನಲ್‌ನಲ್ಲಿ ಸ್ಕೂಟರ್ ಮೇಲೆ ಕುತ್ತಿಗೆ ಓರೆ ಮಾಡಿ, ಫೋನನ್ನ ಭುಜಕ್ಕೆ ಒತ್ತಿಕೊಂಡು, "ಹಾಂ, ಎರಡು ಕ್ವಿಂಟಲ್ ಕಳಸು" ಅಂತ ಮ್ಯಾಪಿಗೆ ಹೇಳುವವರನ್ನ ನೀವೂ ನೋಡಿರುತ್ತೀರಿ.

ಈಗ ನಿಜವಾದ ತಮಾಷೆಗೆ ಬರುತ್ತೇನೆ. ಈ ಎಲ್ಲ ರಗಳೆ ಯಾಕೆ ಬೇಕಾಯಿತು? ರಸ್ತೆ ಬದಿಯಲ್ಲಿ ಒಂದು ಬೋರ್ಡ್ ಓದಿದರೆ ದಾರಿ ತಿಳಿಯುತ್ತಿತ್ತಲ್ಲ? ಬೋರ್ಡ್ ಇದೆ ಸ್ವಾಮಿ, ಹಾಕಿದ್ದಾರೆ, ಹಸಿರು ಬಣ್ಣದ್ದು, ಬಾಣದ ಗುರುತಿನ ಸಮೇತ. ಅದರ ಮೇಲೆ ನಾಯಕರ ಹುಟ್ಟುಹಬ್ಬ ಕೂತಿದೆ. 2016ರಲ್ಲೇ ರಾಜ್ಯದಲ್ಲಿ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧ ಆಗಿದೆ. ನಿಷೇಧ ಆದಮೇಲೆ ಹುಟ್ಟುಹಬ್ಬಗಳು ಕಡಿಮೆ ಆದವಾ? ರಿಂಗ್ ರೋಡಿನ ಸರ್ಕಲ್‌ಗೆ ಬರುತ್ತೀರಿ, ಜೇವರ್ಗಿ ಎಡಕ್ಕೋ ಬಲಕ್ಕೋ ಅಂತ ತಲೆ ಎತ್ತುತ್ತೀರಿ, ಅಲ್ಲಿ ಬಿಳಿ ಅಂಗಿಯ ಒಬ್ಬರು ಬೆರಳು ತೋರಿಸುತ್ತಾ ನಗುತ್ತಿರುತ್ತಾರೆ. ಹೊರಗಿನ ಊರಿನವರು ಆ ಬೆರಳನ್ನ ನಂಬಿ ಹೊರಟು ಹುಮನಾಬಾದ್ ಮುಟ್ಟಿದರೂ ಆಶ್ಚರ್ಯವಿಲ್ಲ. ಕೆಳಗೆ ಶುಭ ಕೋರುವ ನಲವತ್ತು ಮುಖಗಳು, ಒಂದೊಂದೂ ಒಂದೊಂದು ಕಡೆ ನೋಡುತ್ತಿರುತ್ತವೆ. ಇದನ್ನ ಸರಿಮಾಡಲು ಬೇಕಾಗಿರುವುದು ಒಂದು ಏಣಿ ಮತ್ತು ಒಂದು ಕತ್ತರಿ. ಅದು ಆಗೋದಿಲ್ಲ, ಉಪಗ್ರಹ ಬೇಕೇ ಬೇಕು ನಮಗೆ.

ಪಾಪದ ಉಪಗ್ರಹದಿಂದ ನೀವು ಎಲ್ಲಿದ್ದೀರಿ ಅನ್ನೋದಷ್ಟೇ ಗೊತ್ತಾಗೋದು, ಮುಂದೆ ರಸ್ತೆ ಇದೆಯಾ ಇಲ್ಲವಾ ಅನ್ನೋದು ಅದರ ಖಾತೆಯಲ್ಲ. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಹತ್ತಿರ ಮ್ಯಾಪ್ ನೋಡಿಕೊಂಡು ಹೋಗುತ್ತಿದ್ದ ಕಾರು ಅರ್ಧಕ್ಕೇ ನಿಂತ ಸೇತುವೆಯಿಂದ ರಾಮಗಂಗಾ ನದಿಗೆ ಬಿತ್ತು, ಮೂವರು ಸತ್ತರು. ಸೇತುವೆಯ ತುದಿ ಹಿಂದಿನ ಪ್ರವಾಹದಲ್ಲೇ ಕೊಚ್ಚಿಹೋಗಿತ್ತು. ದೇಶವೆಲ್ಲ ಮ್ಯಾಪಿಗೆ ಬೈಯಿತು. ಬೈಯಲಿ, ತಪ್ಪೇನಿಲ್ಲ. ಆದರೆ ಸೇತುವೆ ಬಾಯಿಗೆ ಅಡ್ಡಗೋಡೆ ಕಟ್ಟಬೇಕಾದವರು ಯಾರು? ನಮ್ಮ ಕಡೆ ಕಾಗಿಣಾ ಉಕ್ಕಿದರೆ ಮಳಖೇಡದ ಸೇತುವೆ ಮುಳುಗುತ್ತದೆ, ಭೀಮಾಗೆ ಮೇಲಿನಿಂದ ನೀರು ಬಿಟ್ಟರೆ ಘತ್ತರಗಿಯದ್ದು ಮುಳುಗುತ್ತದೆ. ಮಳೆಗಾಲ ಬಂತು ಅಂದ್ರೆ ಪೇಪರಿನಲ್ಲಿ ಇದೇ ಸುದ್ದಿ, ಇದೇ ಫೋಟೋ. ಆಗ ಊರಿನ ಹುಡುಗರು ಎರಡು ಕಡೆ ಜಾಲಿಕಂಟಿ ಎಳೆದು, ಒಂದು ಕೋಲಿಗೆ ಕೆಂಪು ಬಟ್ಟೆ ಕಟ್ಟಿ ನಿಲ್ಲಿಸುತ್ತಾರೆ. ಅದಕ್ಕೆ ಬ್ಯಾಟರಿ ಬೇಕಿಲ್ಲ, ಅಪ್ಡೇಟ್ ಬೇಕಿಲ್ಲ, ಟಾಪ್ ಮಾಡೆಲ್‌ಗೂ ಬೇಸ್ ಮಾಡೆಲ್‌ಗೂ ಒಂದೇ ರೀತಿ ಚುಚ್ಚುತ್ತದೆ. ಜಾಲಿಕಂಟಿ ಇಲ್ಲದಿದ್ದರೆ ಕಾರಿನೊಳಗೆ ಎಂಥ ಸ್ಕ್ರೀನ್ ಇದ್ದರೇನು?

ಮಹಾರಾಷ್ಟ್ರದಿಂದ ದತ್ತನ ದರ್ಶನಕ್ಕೆ ಬರುವವರ ಪಾಡು ಇನ್ನೂ ಚೆಂದ. ಗಾಣಗಾಪುರ ಅಂತ ಬರೆಯುವ ಬದಲು ಗಂಗಾಪುರ ಅಂತ ಬರೆದರೆ ನಾಸಿಕದ ಗಂಗಾಪುರ ಡ್ಯಾಂ ಇದೆ, ಮೊದಲು ಔರಂಗಾಬಾದ್ ಆಗಿದ್ದ ಛತ್ರಪತಿ ಸಂಭಾಜಿನಗರದ ಕಡೆ ಒಂದು ತಾಲೂಕೂ ಇದೆ. ಸರಿಯಾಗಿಯೇ ಬರೆದರೂ ಗಾಣಗಾಪುರ ರೋಡ್ ಅನ್ನೋ ರೈಲ್ವೆ ಸ್ಟೇಷನ್ ಕಾಯುತ್ತಾ ಇರುತ್ತದೆ, ಅಲ್ಲಿಂದ ದೇವಸ್ಥಾನಕ್ಕೆ ಇನ್ನೂ ಇಪ್ಪತ್ತು ಕಿಲೋಮೀಟರ್ ಮೇಲೆ. ಹಾಗೆಯೇ ಕೆಂಪು ಬಾಳೆಹಣ್ಣಿನ ನಮ್ಮ ಕಮಲಾಪುರಕ್ಕೆ ಹೋಗಬೇಕಾದವರು ಜಿಲ್ಲೆ ನೋಡದೆ ಒತ್ತಿದರೆ ಹಂಪಿ ಪಕ್ಕದ ಕಮಲಾಪುರಕ್ಕೆ ದಾರಿ ತೋರಿಸಬಹುದು. ಬಾಳೆ ಅಲ್ಲೂ ಬೆಳೆಯುತ್ತಾರೆ ಅನ್ನೋದೊಂದೇ ಸಮಾಧಾನ.

ಇಷ್ಟು ಓದಿದಮೇಲೂ "ಅದೆಲ್ಲ ಸರಿ, ಯಾವುದು ತಗೊಳ್ಳಲಿ?" ಅಂತ ಕೇಳುವವರು ಇರುತ್ತಾರೆ. ತಗೊಳ್ಳಿ: ನಡುವಿನ ಮಾಡೆಲ್ ಕಾರು, ಕೈಯಲ್ಲಿರುವ ಫೋನು, ಒಂದು ಗಟ್ಟಿ ಹೋಲ್ಡರ್, ಒಂದು ಒಳ್ಳೆ ವೈರು. ಹೊರಡುವ ಮುಂಚೆ ಮನೆಯ ವೈಫೈನಲ್ಲೇ ಇಡೀ ಜಿಲ್ಲೆಯ ಮ್ಯಾಪ್ ಇಳಿಸಿಕೊಳ್ಳಿ, ಚಿಂಚೋಳಿ ಕಾಡಿನ ಕಡೆ ನೆಟ್‌ವರ್ಕ್ ಕೈಕೊಟ್ಟರೂ ಜಿಪಿಎಸ್ ಕೈಕೊಡೋದಿಲ್ಲ. ದಿನಾ ಹೈದರಾಬಾದ್, ಪುಣೆ, ಮುಂಬೈ ಸುತ್ತುವವರು, ಫ್ಲೈಓವರ್ ಕೆಳಗೆ, ಸುರಂಗದ ಒಳಗೆ ಓಡಾಡುವವರು ಕಂಪನಿ ಫಿಟ್ಟಿಂಗ್ ತಗೊಂಡರೆ ದುಡ್ಡು ವಸೂಲಿ ಆಗುತ್ತದೆ. ಉಳಿದವರಿಗೆ ಆ ದೊಡ್ಡ ಸ್ಕ್ರೀನ್ ರಿವರ್ಸ್ ತಗೊಳ್ಳುವಾಗ ಹಿಂದಿರುವ ಎಮ್ಮೆ ನೋಡಲು ಉಪಯೋಗಕ್ಕೆ ಬರುತ್ತದೆ, ಅದೇನು ಸಣ್ಣ ಉಪಯೋಗ ಅಲ್ಲ ಬಿಡಿ.

ಯಾವುದೇ ತಗೊಂಡರೂ ಮದುವೆ ಸೀಸನ್ನಿನಲ್ಲಿ ಮಾತ್ರ ಕೈಚೆಲ್ಲಬೇಕು. ಹೋದ ರಾತ್ರಿ ಇದ್ದ ರಸ್ತೆ ಬೆಳಗಾಗುವಷ್ಟರಲ್ಲಿ ಶಾಮಿಯಾನ ಆಗಿರುತ್ತದೆ. ಡಾಂಬರಿಗೇ ಗೂಟ ಹೊಡೆದು, ಈ ಗೋಡೆಯಿಂದ ಆ ಗೋಡೆಗೆ ಪರದೆ ಕಟ್ಟಿ, ನಟ್ಟನಡುವೆ ಒಲೆ ಹೂಡಿರುತ್ತಾರೆ. ಪರ್ಮಿಷನ್ ಅಂತ ಕೇಳಿದರೆ ಎಲ್ಲರೂ ನಮ್ಮವರೇ ಅಲ್ವಾ ಅಂತಾರೆ. ಮ್ಯಾಪಿನಲ್ಲಿ ಅದು ಅಚ್ಚುಕಟ್ಟಾದ ನೀಲಿ ಗೆರೆ. "ಮುಂದೆ ಸೀದಾ ಹೋಗಿ" ಅನ್ನುತ್ತದೆ ಕಂಪನಿ ಫಿಟ್ಟಿಂಗು, "ಸೀದಾ ಹೋಗಿ" ಅನ್ನುತ್ತದೆ ಫೋನು. ನೀವು ಹಾರ್ನ್ ಹೊಡೆಯುತ್ತೀರಿ. ಪರದೆ ಸರಿಸಿ ಸೌಟು ಹಿಡಿದ ಒಬ್ಬರು ಹೊರಗೆ ಬಂದು ಕಿಟಕಿ ತಟ್ಟುತ್ತಾರೆ: "ದಾರಿ ಬಂದ್ ಅದ ರೀ, ಊಟ ಚಾಲೂ ಅದ. ಇಳೀರಿ."