‘ಪಾಸ್ ದ ಬಕ್’: ಆ ಬಕ್ ಡಾಲರ್ ಅಲ್ಲ

ಮಾಡಬೇಕಾದ ಕೆಲಸವನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಇಂಗ್ಲಿಷಿನಲ್ಲಿ ‘ಪಾಸ್ ದ ಬಕ್’ ಅಂತಾರೆ. ಈ ಬಗ್ಗೆ ವಾಟ್ಸಾಪಿನಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಬಕ್ ಅಂದರೆ ಡಾಲರ್, ಈ ಮಾತನ್ನು ಹುಟ್ಟುಹಾಕಿದ್ದು ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅಂತ. ಎರಡೂ ತಪ್ಪು.

ಮಾತು ಬಂದದ್ದು ಇಸ್ಪೀಟಿನಿಂದ. 19ನೇ ಶತಮಾನದ ಅಮೆರಿಕದಲ್ಲಿ ಪೋಕರ್ ಆಡುವಾಗ ಎಲೆ ಹಂಚುವ ಸರದಿ ಯಾರದು ಎಂದು ತೋರಿಸಲು ಅವರ ಮುಂದೆ ಒಂದು ಗುರುತಿನ ವಸ್ತು ಇಡುತ್ತಿದ್ದರು. ಅದೇ ಬಕ್. ಹಂಚಲು ಮನಸ್ಸಿಲ್ಲದವರು ಅದನ್ನು ಸುಮ್ನೆ ಪಕ್ಕದವರ ಮುಂದೆ ಸರಿಸಬಹುದಿತ್ತು. ಮಾರ್ಕ್ ಟ್ವೈನ್ 1872ರ ‘ರಫಿಂಗ್ ಇಟ್’ ಪುಸ್ತಕದಲ್ಲೇ ಈ ಮಾತು ಬಳಸಿದ್ದಾರೆ. ಟ್ರೂಮನ್ ಹುಟ್ಟಿದ್ದು 1884ರಲ್ಲಿ. ಇಷ್ಟು ಸಾಕು ಅಲ್ವಾ?

ಆದರೆ ಟ್ರೂಮನ್‌ಗೂ ಇದಕ್ಕೂ ನಂಟು ಇರುವುದು ನಿಜ, ಆ ಕತೆ ನನಗೆ ತುಂಬಾ ಇಷ್ಟ. ಅವರ ಮೇಜಿನ ಮೇಲೆ ಒಂದು ಪುಟ್ಟ ಫಲಕ ಇರುತ್ತಿತ್ತು. ಮರದ ಪೀಠ, ಅದರ ಮೇಲೆ ಬಣ್ಣದ ಅಕ್ಷರದ ಗಾಜು: ‘ದ ಬಕ್ ಸ್ಟಾಪ್ಸ್ ಹಿಯರ್’. ಅಂದರೆ, ಇದನ್ನು ಇಲ್ಲಿಂದ ಮುಂದಕ್ಕೆ ದಾಟಿಸುವ ಹಾಗಿಲ್ಲ, ಹೊಣೆ ನನ್ನದೇ. ಹಿಂಬದಿಯಲ್ಲಿ ‘ನಾನು ಮಿಸ್ಸೌರಿಯವನು’ (ಅದು ಟ್ರೂಮನ್ ಅವರ ತವರು ರಾಜ್ಯ) ಎಂದು ಬರೆದಿತ್ತು. ಅದನ್ನು ಮಾಡಿದ್ದು ಓಕ್ಲಹೋಮಾದ ಎಲ್ ರೀನೋ ಸೆರೆಮನೆಯಲ್ಲಿ. 1945ರ ಅಕ್ಟೋಬರಿನಲ್ಲಿ ಗೆಳೆಯ ಫ್ರೆಡ್ ಕ್ಯಾನ್‌ಫಿಲ್ ಕಳಿಸಿಕೊಟ್ಟಿದ್ದರು. ಟ್ರೂಮನ್‌ಗೆ ಪೋಕರ್ ಅಂದರೆ ಜಾಸ್ತಿ ಪ್ರೀತಿ. ಬಕ್ ಅಂದರೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.